‘ಬಿಕಾಸ್’ ಹಾಕಿದ ವಾಕ್ಯ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬಂದು ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಆ ಶಾಲೆಗೆ ಸೇರಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಒಂಬತ್ತನೆಯ ತರಗತಿಗೆ ಕಾರಣ, ಪರಿಣಾಮ ಹೇಳುವ ಪದಗಳನ್ನು ಕಲಿಸಬೇಕಿತ್ತು. ‘ಬಿಕಾಸ್’ ಆದ ಮೇಲೆ ಕಾರಣ ಬರಬೇಕು, ‘ಸೋ’ ಆದ ಮೇಲೆ ಪರಿಣಾಮ. ಕನ್ನಡದಲ್ಲಿ ಕಾರಣವನ್ನು ಮೊದಲು ಹೇಳಿ ರೂಢಿಯಾದ ಮಕ್ಕಳು ‘ಬಿಕಾಸ್’ ಅನ್ನು ನಡುವೆ ಇಟ್ಟು ಎಲ್ಲ ತಿರುವುಮುರುವು ಮಾಡುತ್ತಿದ್ದರು. ನೆಲ ಒದ್ದೆಯಾದದ್ದರಿಂದ ಮಳೆ ಬಂತು ಎಂಬ ಅರ್ಥ ಬರುತ್ತಿತ್ತು.

ಐದು ವಾಕ್ಯ ಬರೆದುಕೊಂಡು ಬರಲು ಹೇಳಿದ್ದೆ. ಮೋರಖಂಡಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು, ಕುರಿ ಕಾಯುವವರ ಮಗಳು, ಕೊನೆಗೆ ಹೀಗೆ ಬರೆದಿದ್ದಳು: ‘ಮೈ ಮದರ್ ಡೈಡ್ ಬಿಕಾಸ್ ಐ ವೆಂಟ್ ಟು ಸ್ಕೂಲ್.’ ನಾನು ಶಾಲೆಗೆ ಹೋದದ್ದರಿಂದ ನನ್ನ ತಾಯಿ ತೀರಿಕೊಂಡಳು.

ಕೆಂಪು ಪೆನ್ನಿನಿಂದ ತಪ್ಪು ಹಾಕಿದೆ. ಅಷ್ಟಕ್ಕೇ ಬಿಡಲಿಲ್ಲ. ಪದ ತಪ್ಪಿದರೆ ಅರ್ಥ ಎಲ್ಲಿಗೆ ಹೋಗುತ್ತದೆ ನೋಡಿ ಎಂದು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ಅವಳ ಊರಿನ ಇಬ್ಬರು ಮಾತ್ರ ನಗಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ಯಾಕೆಂದು ಯೋಚಿಸಲಿಲ್ಲ.

ಊಟದ ಬಿಡುವಿನಲ್ಲಿ ಅವಳು ನೋಟ್‌ಬುಕ್ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

“ಮೇಡಂ, ಇದು ಹ್ಯಾಂಗ ತಪ್ಪಾತ್ರಿ?”

“ಅರ್ಥ ಕೂಡೋದಿಲ್ಲ ನೋಡವಾ. ನೀ ಸಾಲಿಗೆ ಬಂದ್ರ ಅವ್ವ ಯಾಕ ಸಾಯ್ತಾಳ?”

“ಸತ್ತಾಳ್ರಿ.”

ಹಿಂದಿನ ವರ್ಷ ಪರೀಕ್ಷೆಯ ದಿನ ಮುಂಜಾನೆ ತಾಯಿ, “ಎದಿ ಒಂಥರಾ ಆಗಾಕತ್ತದ, ಇವತ್ತು ಮನ್ಯಾಗ ಇರು” ಅಂದಿದ್ದಳಂತೆ. ಪರೀಕ್ಷೆ ತಪ್ಪುತ್ತದೆ ಎಂದು ಇವಳು ಬಸ್ಸು ಹತ್ತಿದ್ದಳು. ಸಂಜೆ ಬಂದಾಗ ತಾಯಿ ಒಲೆಯ ಪಕ್ಕದಲ್ಲಿ ಬಿದ್ದಿದ್ದಳು, ಮೈ ತಣ್ಣಗಾಗಿತ್ತು. ಇಷ್ಟನ್ನೂ ಅಳದೆ ಹೇಳಿ, ಹುಡುಗಿ ಮತ್ತೆ ಕೇಳಿದಳು:

“ಗ್ರಾಮರ್ ಸರಿ ಅದ ಅಲ್ರಿ?”

ಸರಿಯಾಗಿಯೇ ಇತ್ತು. ಹೌದೆಂದೆ. ಆಮೇಲೆ ತಡವರಿಸುತ್ತ, “ಆದ್ರ ‘ಬಿಕಾಸ್’ ಬ್ಯಾಡವಾ, ‘ವೆನ್’ ಹಾಕು. ನೀ ಸಾಲ್ಯಾಗ ಇದ್ದಾಗ ಅವ್ವ ಹೋದಳು. ನಡದದ್ದು ಅಷ್ಟ” ಅಂದೆ.

“ಹಂಗ ಬರದ್ರ ಸುಳ್ಳಾಗ್ತದ್ರಿ” ಎಂದು ನೋಟ್‌ಬುಕ್ ಮಡಚಿಕೊಂಡು ಹೋದಳು.

ಶನಿವಾರ ಮಧ್ಯಾಹ್ನ ಮೋರಖಂಡಿಗೆ ಹೋದೆ. ಅವಳ ತಂದೆ ಕುರಿದೊಡ್ಡಿಗೆ ಮುಳ್ಳಿನ ಬೇಲಿ ಕಟ್ಟುತ್ತಿದ್ದರು. ಮಗಳು ಬರೆದದ್ದನ್ನೂ, ನಾನು ಮಾಡಿದ್ದನ್ನೂ ಹೇಳಿದೆ. ಕೈಯಲ್ಲಿದ್ದ ಮುಳ್ಳುಕಂಟಿ ಕೆಳಗಿಟ್ಟು ಕೂತರು.

“ಎದಿ ಒಮ್ಮಿಗೇ ನಿಂತದ, ಯಾರಿದ್ರೂ ಉಳೀತಿದ್ದಿಲ್ಲ ಅಂತ ಡಾಕ್ಟರ್ ಹೇಳ್ಯಾರ್ರಿ ಅಕ್ಕೋರ. ನನಗ ನಂಬಿಕಿ ಬಂದಿಲ್ಲ. ಆಕಿ ಮುಂಜಾನೆ ನನಗೂ ಹೇಳಿದ್ದಳು. ನಾ ಕುರಿ ಹೊಡ್ಕೊಂಡು ಹೋದೆ.”

“ಇದನ್ನ ಮಗಳಿಗೆ ಹೇಳೀರೇನ್ರಿ?”

“ಹೇಳಿದ್ರ ಆಕಿ ನನ್ನ ಮಾರಿ ನೋಡ್ತಾಳೇನ್ರಿ?”

ಒಂದೇ ಮನೆಯಲ್ಲಿ, ಒಂದೇ ಪರಾತದ ಸುತ್ತ ಕೂತು ಉಣ್ಣುವ ಇಬ್ಬರು ವರ್ಷವಿಡೀ ಇದನ್ನು ಬೇರೆಬೇರೆಯಾಗಿ ಹೊತ್ತಿದ್ದರು. ಇವತ್ತೇ ಹೇಳಿ ಎಂದು ಅವರನ್ನು ಬೇಡಿಕೊಂಡೆ.

ಸೋಮವಾರ ತರಗತಿಯಲ್ಲಿ ಅವಳ ವಾಕ್ಯ ಸರಿ ಇತ್ತು, ತಪ್ಪು ನನ್ನದು ಎಂದೆ. ಹುಡುಗಿ ತಲೆ ಎತ್ತಲಿಲ್ಲ. ಎಲ್ಲರ ಮುಂದೆ ಎರಡನೆಯ ಸಲ ಅವಳನ್ನು ನಿಲ್ಲಿಸಿದಂತಾಯಿತು ಎಂದು ಹೇಳಿಯಾದ ಮೇಲೆ ಹೊಳೆಯಿತು.

ವಾರದ ಮೇಲೆ ಅವಳೇ ಬಂದಳು.

“ಅಪ್ಪ ಹೇಳಿದ್ರು ಮೇಡಂ. ಭಾಳ ಅತ್ರು. ನಿಂದೇನೂ ತಪ್ಪಿಲ್ಲಪ್ಪಾ ಅಂತ ನಾ ಅಂದೆ.”

“ಅವರು ಏನಂದ್ರು?”

“ನಿಂದೂ ಇಲ್ಲ ಅಂದ್ರು.”

“ನಂಬಿದೇನವಾ?”

“ನಾ ಅಂದದ್ದು ಅವರೇ ನಂಬಿಲ್ರಿ” ಅಂದಳು.

ಮರುವರ್ಷ ನನಗೆ ಹುಮನಾಬಾದಿಗೇ ವರ್ಗವಾಯಿತು. ಮೊನ್ನೆ ಇಲ್ಲಿಯ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಿದಳು. ಈಗ ಕಾಲೇಜು ಓದುತ್ತಾಳೆ. ತಂದೆ ಕುರಿಗಳನ್ನು ದೂರ ಒಯ್ಯುವುದಿಲ್ಲವಂತೆ, ಊರ ಪಕ್ಕದಲ್ಲೇ ಮೇಯಿಸುತ್ತಾರಂತೆ. ಮಾತಾಡುತ್ತಿರುವಾಗಲೇ ಅವಳ ಫೋನ್ ರಿಂಗಾಯಿತು. ಆಚೆ ತಿರುಗಿ ಕೇಳಿದಳು, “ಉಂಡೀರೇನಪ್ಪಾ? ಎದಿ ಹ್ಯಾಂಗದ?”