ಕೇಳದೆ ಹೇಳಿದ ಹತ್ತು ಆಲ್ಬಮ್‌ಗಳು

ಆ ಹಾಡುಗಳನ್ನು ನಾನು ಕೇಳಲೇ ಇಲ್ಲ. ಕೇಳಿದೆ ಎಂದು ಮಗಳಿಗೆ ಸುಳ್ಳು ಹೇಳಿದೆ. ಒಂದು ಸಲವಲ್ಲ — ತಿಂಗಳಿಡೀ ಹೇಳಿದೆ, ಕಿವಿ ಹೋದ ಮಗಳ ಎದುರು ಕುಳಿತು, ಅವಳ ಮುಖ ನೋಡುತ್ತಲೇ.

ಇದಾಗಿ ಮೂರು ವರ್ಷ. ಯಾರಿಗೂ ಹೇಳಿಲ್ಲ. ಬಾಯಲ್ಲಿ ಹೇಳುವ ಮೊದಲು ಒಮ್ಮೆ ಬರೆದು ನೋಡೋಣವೆಂದು ಕುಳಿತಿದ್ದೇನೆ.

ಅಶ್ವಿನಿ ನಮ್ಮ ಒಬ್ಬಳೇ ಮಗಳು. ಸಾಂತಾಕ್ರೂಜಿನ ಈ ಎರಡು ಕೋಣೆಯಲ್ಲೇ ಬೆಳೆದವಳು. ಕಾಲೇಜಿನ ದಿನಗಳಿಂದ ಅವಳಿಗೆ ಒಂದೇ ಹುಚ್ಚು — ಎಕ್ಸ್‌ಟ್ರೀಮ್ ಮೆಟಲ್ ಎಂಬ ಸಂಗೀತ. ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಡ್ರಮ್. ಹಾಡುವವನು ಹಾಡುವುದಿಲ್ಲ, ಗರ್ಜಿಸುತ್ತಾನೆ. ಪ್ರತಿ ಡಿಸೆಂಬರಿನಲ್ಲಿ ಅವಳು ಆ ವರ್ಷ ತನಗೆ ಹಿಡಿಸಿದ ಹತ್ತು ಆಲ್ಬಮ್‌ಗಳ ಪಟ್ಟಿ ಮಾಡಿ, ಒಂದೊಂದಕ್ಕೂ ನಾಲ್ಕು ಸಾಲು ಬರೆದು, ತನ್ನಂಥ ಕೇಳುಗರ ಒಂದು ಗುಂಪಿಗೆ ಕಳಿಸುತ್ತಿದ್ದಳು. ಯಾವ ಯಾವ ಊರಿನವರೋ, ದೇಶದವರೋ — ಕಾಯುತ್ತಿದ್ದರು, ಜಗಳವಾಡುತ್ತಿದ್ದರು. ಅದೇ ಅವಳಿಗೆ ಹಬ್ಬ. ಊಟಕ್ಕೆ ಕರೆದರೆ, "ಏಕ್ ಮಿನಿಟ್ ಪಪ್ಪಾ, ಏಳನೇದು ಫೈನಲ್ ಆಗ್ಲಿಲ್ಲ" ಎನ್ನುವಳು. ಆಗ ಇನ್ನೂ ಬದುಕಿದ್ದ ನನ್ನ ಹೆಂಡತಿ, "ಇವಳ ಏಳನೇದು ಆಗುವಾಗ ನನ್ನ ಸಾರು ಮೂರು ಸಲ ಬಿಸಿಯಾಗ್ತದೆ" ಎಂದು ನಗುತ್ತಿದ್ದಳು.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಅಶ್ವಿನಿಗೆ ಜ್ವರ ಬಂದು ಮೆದುಳಿಗೆ ಏರಿತು. ಜೀವ ಉಳಿಯಿತು, ಎರಡೂ ಕಿವಿ ಹೋದವು. ಅಂಧೇರಿಯ ಕಚೇರಿಯಲ್ಲಿ ಅವಳದು ಚಿತ್ರ ಬಿಡಿಸುವ ಕೆಲಸ, ಹಾಗಾಗಿ ಅದು ಉಳಿಯಿತು. ತುಟಿ ನೋಡಿ ಮಾತು ಹಿಡಿಯಲು ಕಲಿತಳು. ಇಂಗ್ಲಿಷ್ ಶಾಲೆಯವಳು, ಕನ್ನಡ ಓದಲು ಬಾರದು. ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ನನಗೆ ಕನ್ನಡ ಬಿಟ್ಟು ಬೇರೇನೂ ಸರಿಯಾಗಿ ಬರೆಯಲು ಬಾರದು. ನಮ್ಮಿಬ್ಬರ ನಡುವೆ ಉಳಿದದ್ದು ನನ್ನ ತುಟಿ ಮಾತ್ರ. ಅದಕ್ಕೂ ನನ್ನ ದಪ್ಪ ಮೀಸೆ ಅಡ್ಡ.

"ಪಪ್ಪಾ, ಮೀಸೆ ನಿಕಾಲೋ ನಾ. ಅರ್ಧ ಮಾತು ಅದ್ರೊಳಗೇ ಹೋಗ್ತದೆ."

"ಸತ್ತ ಮೇಲೆ ತೆಗಿ" ಎಂದು ನಾನು ತಮಾಷೆ ಮಾಡಿದೆ. ಅದೂ ಅವಳಿಗೆ ಅರ್ಧವೇ ತಿಳಿಯಿತು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗದು. ಮಾಟುಂಗದ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದೋಸೆಕಲ್ಲಿನ ಮುಂದೆ ನಿಂತವನು ನಾನು. ರಜೆಯ ದಿನ ನಮ್ಮ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ. ಮುಖ ತೋರಿಸುವ ಮೊದಲು ತೆರೆಯ ಹಿಂದೆ ನಿಂತು ಆರ್ಭಟ ಕೊಡಬೇಕು. ಮಗಳು ಅದನ್ನು ಕೇಳುತ್ತಲೇ ದೊಡ್ಡವಳಾದಳು. ನಮ್ಮ ಭಾಗವತ ಶೇಖರಣ್ಣ ಕುಟುಕುವುದಿತ್ತು: "ಹೋಯ್ ವಾಸಣ್ಣ, ಯಾವ ರಾಕ್ಷಸ ಆದ್ರೂ ನಿಂದು ಒಂದೇ ಕೂಗು ಮಾರಾಯ! ಕಾವಲಿನವನಿಗೂ ಅದೇ, ಅವನ ಅರಸನಿಗೂ ಅದೇ!"

"ರಾಕ್ಷಸರಿಗೆಂತ ಬೇರೆ ಬೇರೆ ಕೂಗು?" ಎನ್ನುತ್ತಿದ್ದೆ ನಾನು. ಹಾಗೆಂದೇ ನಂಬಿದ್ದೆ.

ಆ ನವೆಂಬರಿನಲ್ಲಿ ಅಶ್ವಿನಿ ತನ್ನ ದೊಡ್ಡ ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡು ನನ್ನೆದುರು ಕುಳಿತಳು. "ಲಿಸ್ಟ್ ಈ ವರ್ಷನೂ ಮಾಡ್ತೇನೆ ಪಪ್ಪಾ. ಡ್ರಮ್ ನಂಗೆ ಕೈಗೆ ಗೊತ್ತಾಗ್ತದೆ. ವಾಯ್ಸ್ ಹೇಗುಂಟು ಅಂತ ನೀವು ಹೇಳಿ."

ಸ್ನೇಹಿತರನ್ನು ಕೇಳಬಾರದೇ ಎಂದೆ.

"ಅವ್ರಿಗೆ ಒಂದೊಂದು ಬ್ಯಾಂಡ್ ಮೇಲೆ ಪ್ಯಾರ್. ನಿಮ್ಗೆ ಯಾವ್ದೂ ಇಷ್ಟ ಇಲ್ಲ. ನೀವು ಸುಳ್ಳು ಹೇಳುದಿಲ್ಲ."

ಕಿವಿ ಹೋದದ್ದನ್ನು ಅವಳು ಆ ಗುಂಪಿಗೆ ತಿಳಿಸಿರಲಿಲ್ಲ. ಆ ಒಂದು ಕಡೆಯಾದರೂ ಮೊದಲಿನ ಅಶ್ವಿನಿಯಾಗಿ ಇರಬೇಕಿತ್ತು ಅವಳಿಗೆ. ಅದನ್ನು ನನ್ನ ಕೈಗೆ ಕೊಟ್ಟಳು.

ಹಳೆಯ ಮೊಬೈಲಿನಲ್ಲಿ ಇಪ್ಪತ್ತಾರು ಆಲ್ಬಮ್ ಹಾಕಿ, ನಂಬರ್ ಕೊಟ್ಟು, ಹೆಡ್‌ಫೋನ್ ಇಟ್ಟು ಹೋದಳು. ಕೆಲಸ ಬಿಟ್ಟು ಮನೆಯಲ್ಲಿದ್ದ ನಾನು ಮಧ್ಯಾಹ್ನಕ್ಕೊಂದು ಕೇಳಿದರೆ ಸಾಕಿತ್ತು. ಮೊದಲ ದಿನ ಅರ್ಧ ಕೇಳಿದೆ, ತೆಗೆದಿಟ್ಟೆ. ಎರಡನೆಯ ದಿನ ನಮ್ಮ ತಂಡದ ಹಳೆಯ ಯಕ್ಷಗಾನದಾಟಗಳ ರೆಕಾರ್ಡಿಂಗ್ ಹಾಕಿಕೊಂಡೆ — ಅದು ಹಿತವಾಗಿತ್ತು. ಮೂರನೆಯ ದಿನ, ನಾಲ್ಕನೆಯ ದಿನ... ಮತ್ತೆ ಆ ಕಡೆ ಹೋಗಲಿಲ್ಲ.

ಸಂಜೆ ಅವಳು ಬಂದು, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಬರೀ ಡ್ರಮ್ಮಿನ ಗುದ್ದು ಉಳಿಯುವ ಹಾಗೆ ಹಾಕಿದ ಸ್ಪೀಕರಿನ ಮೇಲೆ ಒಂದು ಅಂಗೈಯನ್ನು ಇಟ್ಟು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಕೂರುವಳು. ನಾನು ಹೇಳುತ್ತಿದ್ದೆ: ಇವನದು ಬರೀ ಗಂಟಲು, ಬೇಗ ಸುಸ್ತಾಗುತ್ತಾನೆ. ಇವನು ತೆರೆ ಸರಿಸುವ ಮೊದಲೇ ಹೆದರಿಸುತ್ತಾನೆ. ನಾನು ಕಂಡ ವೇಷಧಾರಿಗಳನ್ನೆಲ್ಲ ಒಬ್ಬೊಬ್ಬರಾಗಿ ಕಾಣದ ದೇಶದ ಗಾಯಕರಿಗೆ ಹಂಚಿದೆ. "ಕ್ಯಾ ಬಾತ್ ಹೈ ಪಪ್ಪಾ!" ಎಂದು ಅವಳು ಬರೆದುಕೊಳ್ಳುತ್ತಿದ್ದಳು. ಕಿವಿ ಹೋದ ಮೇಲೆ ಅವಳು ಹಾಗೆ ನಕ್ಕದ್ದು ಆ ಸಂಜೆಗಳಲ್ಲೇ. ಆ ನಗುವಿಗಾಗಿ ಹೇಳಿದೆ ಎನ್ನಬಹುದಿತ್ತು, ಆದರೆ ಅದು ನಿಜವಲ್ಲ. ಕೇಳಲು ಬೇಸರವಾಗಿತ್ತು, ಅಷ್ಟೆ.

ಒಂದು ಆಲ್ಬಮ್‌ನ ಮುಖಪುಟದಲ್ಲಿ ಸುಟ್ಟ ಕಾಡಿನ ಚಿತ್ರವಿತ್ತು. ಅದನ್ನು ಹಾಕಿ ಸ್ಪೀಕರಿಗೆ ಅಂಗೈ ಇಟ್ಟಾಗ ಅವಳು ಕಣ್ಣು ಮುಚ್ಚಿದಳು, ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ನನ್ನ ತುಟಿ ನೋಡಿದಳು. ನಾನು ಧಾರಾಳಿಯಾದೆ. "ನಲವತ್ತು ವರ್ಷದಲ್ಲಿ ಇಂಥ ಆರ್ಭಟ ಕೇಳಿಲ್ಲ. ಹೊಟ್ಟೆಯ ತಳದಿಂದ ಏಳ್ತದೆ."

ಅವಳು ಅದನ್ನೇ ಮೊದಲನೆಯ ಸ್ಥಾನದಲ್ಲಿಟ್ಟಳು. ನನ್ನ ಮಾತನ್ನು ತನ್ನ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು.

ಎರಡು ದಿನ ಬಿಟ್ಟು ಮೊಬೈಲ್ ಹಿಡಿದುಕೊಂಡು ನನ್ನ ಬಳಿ ಬಂದಳು. "ಪಪ್ಪಾ, ಫಸ್ಟ್ ನಂಬರಲ್ಲಿ ವಾಯ್ಸೇ ಇಲ್ಲಂತೆ. ಶುರುವಿಂದ ಲಾಸ್ಟ್‌ವರೆಗೆ ಬರೀ ವಾದ್ಯ. ಯಾರೂ ಬಾಯೇ ಬಿಡುದಿಲ್ಲಂತೆ."

ಸಿಟ್ಟಿರಲಿಲ್ಲ. ಅನುಮಾನವೂ ಇರಲಿಲ್ಲ. ತುಟಿ ನೋಡುತ್ತ ಕಾದಳು. ಆಗ ಹೇಳಿಬಿಡಬಹುದಿತ್ತು. ಅವಳೆದುರು ಒಂದು ಕ್ಷಣ ಸಣ್ಣವನಾಗುತ್ತಿದ್ದೆ —

"ನೀನೇ ಬೇರೆ ಯಾವುದೋ ಹಾಕಿ ಕೊಟ್ಟಿರ್ಬೇಕು" ಎಂದೆ.

"ಕ್ಯಾ?" ಅವಳಿಗೆ ಹಿಡಿಯಲಿಲ್ಲ. ನಾನು ಮೀಸೆಯನ್ನು ಬೆರಳಿನಿಂದ ಮೇಲೆತ್ತಿ, ಒಂದೊಂದೇ ಪದವನ್ನು ಬಿಡಿಸಿ ಮತ್ತೊಮ್ಮೆ ಹೇಳಿದೆ. ಮೊದಲ ಸಲದ್ದು ಭಯದಿಂದ ಬಂದಿರಬಹುದು. ಎರಡನೆಯ ಸಲದ್ದಕ್ಕೆ ಏನು ಹೇಳಲಿ?

ಅವಳು ತಲೆಯಾಡಿಸಿದಳು. ತನಗೆ ಕಿವಿ ಕೇಳುವುದಿಲ್ಲ, ತನ್ನದೇ ತಪ್ಪಿನಿಂದ ಅದಲು ಬದಲಾಯಿತು, ಕ್ಷಮಿಸಿ ಎಂದು ಗುಂಪಿಗೆ ಬರೆದಳು. ಉತ್ತರಗಳು ತುಂಬ ಬಂದವು. ಯಾರೂ ನಗಲಿಲ್ಲ.

"ಎಲ್ಲ ಸ್ವೀಟ್ ಆಗಿ ಬರ್ದಿದ್ದಾರೆ ಪಪ್ಪಾ" ಎಂದಳು. "ಇನ್ನು ನನ್ನ ಹತ್ರ ಯಾರೂ ಜಗಳ ಮಾಡುದಿಲ್ಲ."

ಮರುವರ್ಷ ಪಟ್ಟಿ ಮಾಡಲಿಲ್ಲ. ಅದರ ಮರುವರ್ಷವೂ ಇಲ್ಲ.

ಆಮೇಲೆ ನಾನು ಆ ಇಪ್ಪತ್ತಾರನ್ನೂ ಕೇಳಿದೆ, ಅವಳಿಗೆ ಗೊತ್ತಿಲ್ಲದೆ, ಮಧ್ಯಾಹ್ನಗಳಲ್ಲಿ. ಒಬ್ಬ ಬಾವಿಗೆ ಬಿದ್ದವನ ಹಾಗೆ ಕೂಗುತ್ತಾನೆ, ಒಬ್ಬಳು ಹೆರುವವಳ ಹಾಗೆ. ಒಂದರಂತೆ ಒಂದಿಲ್ಲ. ಸುಟ್ಟ ಕಾಡಿನದನ್ನು ಹಾಕಿದಾಗ, ಗೊತ್ತಿದ್ದೂ, ಯಾರಾದರೂ ಬಾಯಿ ಬಿಟ್ಟಾರೇ ಎಂದು ಕೊನೆಯವರೆಗೆ ಕಾದೆ. ಈಗ ನಾನು ನಿಜ ಹೇಳಬಲ್ಲೆ. ಕೇಳುವವರಿಲ್ಲ.

ಮೊನ್ನೆ ಭಾನುವಾರ ಅವಳು ಸ್ಪೀಕರನ್ನು ರದ್ದಿಯವನಿಗೆಂದು ಬಾಗಿಲ ಬಳಿ ಇಟ್ಟಳು. ನಾನು ಒಳಗೆ ತಂದಿಟ್ಟೆ. "ಕ್ಯೂಂ ಪಪ್ಪಾ? ಬರೀ ಧೂಳು" ಎಂದಳು. ಮತ್ತೆ ಹೊರಗಿಟ್ಟಳು. ನಾಳೆ ರದ್ದಿಯವನು ಬರುತ್ತಾನೆ.

ಮೊಬೈಲಿಗೆ ಹೇಳಿದರೆ ಅದು ಬರೆದು ತೋರಿಸುತ್ತದಂತೆ. ಪ್ರಯತ್ನಿಸಿದೆ, ನನ್ನ ಮಾತನ್ನು ಏನೇನೋ ಮಾಡಿತು. ಅಲ್ಲದೆ, ಇದನ್ನು ಯಂತ್ರದ ಬಾಯಲ್ಲಿ ಹೇಳಿಸುವುದು...

ಇವತ್ತು ಬೆಳಿಗ್ಗೆ ಸ್ಟೇಶನ್ ಬಳಿಯ ಸಲೂನಿಗೆ ಹೋದೆ. "ಪೂರಾ? ಪಕ್ಕಾ, ಚಾಚಾ?" ಎಂದು ಅವನು ಎರಡು ಸಲ ಕೇಳಿದ. ಪೂರ್ತಿ ತೆಗೆಸಿದೆ. ಐವತ್ತು ವರ್ಷ ಬಿಸಿಲು ಕಾಣದ ಮೇಲ್ತುಟಿ, ನನ್ನದಲ್ಲವೆಂಬಂತೆ ಬೆಳ್ಳಗಿದೆ.

ಅವಳು ಬರುವ ಹೊತ್ತಾಯಿತು. ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ ಹಾಕಿಕೊಂಡು, ಬಾಗಿಲಿಗೆ ಮುಖ ಮಾಡಿ ಕುಳಿತಿದ್ದೇನೆ. ಈ ಬರಹದ ಮೊದಲ ವಾಕ್ಯವನ್ನೇ ಹೇಳಬೇಕೆಂದಿದ್ದೇನೆ. ಅವಳು "ಕ್ಯಾ?" ಎಂದರೆ, ಮತ್ತೊಮ್ಮೆ.