ಜಡ್ಡಿನ ಜೋಳ

"ಇದರಿಂದ ಉಪಯೋಗ ಆದವರನ್ನ ಒಬ್ಬರನ್ನ ತೋರಿಸ್ರಿ ನೋಡೋಣ" ಎಂದು ತುಂಬಿದ ಸಭೆಯಲ್ಲಿ ಕೇಳಿದವನು ನಾನು. ತೋರಿಸಬೇಕಾಗಿದ್ದ ಆ ಒಬ್ಬಳು ನನ್ನ ಹೆಂಡತಿ ಪಾರವ್ವ. ಅದು ನನಗೆ ಗೊತ್ತಿತ್ತು. ಇನ್ನೊಬ್ಬನಿಗೂ ಗೊತ್ತಿತ್ತು — ಅವನು ಬಾಯಿ ತೆರೆಯುವುದಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಹೇಳುವ ಚಟದವನು ನಾನು. ಮುಖ್ಯವಾದದ್ದನ್ನು ಕೊನೆಗಿಟ್ಟು ಕೇಳುವವರನ್ನು ಕಾಯಿಸುವುದು ನನ್ನ ಅಜ್ಜಿ ಕಲಿಸಿದ ವಿದ್ಯೆ. ಇಲ್ಲಿ ಆ ವಿದ್ಯೆ ಬೇಡ.

ನಮ್ಮೂರು ಕೊಟ್ಟೂರಿಗೂ ಹಗರಿಬೊಮ್ಮನಹಳ್ಳಿಗೂ ನಡುವೆ, ದೊಡ್ಡ ರಸ್ತೆಯಿಂದ ಒಳಗೆ. ಅಗಸಿಯ, ಅಂದರೆ ಊರಬಾಗಿಲ, ಪಕ್ಕದಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಡೆಲ್ಲಿಯಲ್ಲಿ ಸರ್ಕಾರ ಬದಲಾದದ್ದೇ ತಡ, ನಮ್ಮೂರೂ ಎರಡಾಗಿತ್ತು. ಅಗಸಿ ಕಡೆಯವರು ಒಂದು ಪಕ್ಷ, ಬಾವಿ ಕಡೆಯವರು ಇನ್ನೊಂದು. ನೀರು ಒಂದೇ ಬಾವಿಯದು — ಆದರೆ ಸೇದುವ ಹೊತ್ತು ಬೇರೆಯಾಯಿತು. ಒಬ್ಬರ ಮದುವೆಯಲ್ಲಿ ಇನ್ನೊಬ್ಬರು ಉಣ್ಣುತ್ತಿರಲಿಲ್ಲ. ನಾನು ಅಗಸಿ ಕಡೆಯ ಬಾಯಿ. ಭಾಷಣ ಎಂದರೆ ಮಲ್ಲಪ್ಪ, ನಗಿಸಬೇಕೆಂದರೆ ಮಲ್ಲಪ್ಪ. ಬಾವಿ ಕಡೆಗೆ ಚೆನ್ನಬಸಪ್ಪ — ನನ್ನ ಜೊತೆ ಈಜು ಕಲಿತವನು, ನನ್ನ ಜೊತೆಯೇ ಮಾಸ್ತರರ ಕೈಯಲ್ಲಿ ಪೆಟ್ಟು ತಿಂದವನು. ಮಾತು ಕಡಿಮೆ. ಮಾತಾಡಿದರೆ ಎದುರಿನವರು ನಗುತ್ತಿರಲಿಲ್ಲ, ಯೋಚಿಸುತ್ತಿದ್ದರು. ಅದಕ್ಕೇ ನನಗೆ ಅವನ ಮೇಲೆ — ಇರಲಿ.

ಜಡ್ಡಿನ ಪಾಲು — ಕಾಯಿಲೆಗೆಂದು ಎತ್ತಿಡುವ ಪಾಲು — ಅವನ ತಲೆಯಿಂದ ಬಂದದ್ದು. ಸುಗ್ಗಿಯಲ್ಲಿ ಕಣಕ್ಕೆ ಬರುವ ಬಡಗಿಗೆ, ಕಮ್ಮಾರನಿಗೆ ಆಯ ಎಂದು ಜೋಳ ಅಳೆದು ಕೊಡುತ್ತೇವಲ್ಲ — ಆ ವರ್ಷ ಕುಂಟೆ ಮುರಿಯಲಿ ಬಿಡಲಿ, ಬಡಗಿಯ ಪಾಲು ಬಡಗಿಗೆ. ಹಾಗೆಯೇ ಮನೆಗೊಂದು ಕೊಳಗ ಜೋಳ ಜಡ್ಡಿಗೆಂದು ತೆಗೆದಿಡಬೇಕು ಎಂದ. ಜಡ್ಡು ಬರಲಿ ಬಿಡಲಿ. ಅದನ್ನೆಲ್ಲ ಒಂದು ಹಗೇವಿನಲ್ಲಿ — ನೆಲದೊಳಗಿನ ಆ ಕಣಜದಲ್ಲಿ — ಹಾಕುವುದು. ಪೇಟೆಯ ಡಾಕ್ಟರೊಬ್ಬರು, ಟೆಂಪೋದವನೊಬ್ಬ ಒಪ್ಪಿದ್ದರು. ಪಾಲು ಹಾಕಿದ ಮನೆಯಲ್ಲಿ ಯಾರಿಗೆ ಏನಾದರೂ ಟೆಂಪೋ ಬರುತ್ತದೆ, ಔಷಧ ನಡೆಯುತ್ತದೆ, ವರ್ಷದ ಕೊನೆಗೆ ಹಗೇವಿನ ಜೋಳ ಅವರಿಗೆ ಹೋಗುತ್ತದೆ. ಮೊದಲ ಸುಗ್ಗಿಯಲ್ಲಿ ಬಾವಿ ಕಡೆಯವರಷ್ಟೇ ಹಾಕಿದರು. ನಮ್ಮ ಕಡೆಯವರು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ಕೇಳಿದರೆ — ಅವರು ಹಾಕಿದ್ದರಲ್ಲ, ಅದಕ್ಕೆ.

ಅದೇ ಸುಗ್ಗಿಯ ಕೊನೆಗೆ ಪಾರವ್ವನಿಗೆ ಹೊಟ್ಟೆನೋವು ಬಂತು. ಬಲಗಡೆ, ಕೆಳಗೆ. ಮಧ್ಯಾಹ್ನದ ಹೊತ್ತಿಗೆ ಕಾಲು ಚಾಚಲಾರದೆ ಮುದುಡಿಕೊಂಡು ಮಲಗಿದಳು. ಮುಟ್ಟಿದರೆ ಮೈ ಕಾದ ಹೆಂಚು. ಊರಿಗೆ ಬರುವ ಬಸ್ಸು ಹೋಗಿಯಾಗಿತ್ತು. ನಾನು ಚೆನ್ನಬಸಪ್ಪನ ಕಣಕ್ಕೆ ಓಡಿದೆ. ಅವನು ರಾಶಿಯ ಮುಂದೆ ಕೂತಿದ್ದ. ಪಾರವ್ವನ ನೋವು ಹೇಳಿ ಮುಗಿಸುವಷ್ಟರಲ್ಲಿ ಎದ್ದ. ಕೊಳಗ ತಗೊಂಡು ತನ್ನ ರಾಶಿಯಲ್ಲಿ ತುಂಬಿ ಪಕ್ಕಕ್ಕೆ ಸುರಿದ.

"ಇದು ನಿನ್ನ ಮನಿ ಪಾಲು. ಹಾಕ್ದಂಗಾತು. ತಮ್ಮನ್ನ ಸೈಕಲ್ ಮ್ಯಾಲ ಕಳಸ್ತೀನಿ, ಟೆಂಪೋ ಬರ್ತೈತಿ. ನೀ ಮನೀಗ್ ನಡಿ."

ಹೋಗಬೇಕಿತ್ತು. ಹೋಗಲಿಲ್ಲ. ಹೆಂಡತಿ ಅಲ್ಲಿ ನರಳುತ್ತಿರುವಾಗ ನಾನು ಇಲ್ಲಿ ನಿಂತು ನನ್ನ ಮರ್ಯಾದೆಯನ್ನು ನೆನೆದೆ.

"ಇದು ಯಾರಿಗೂ ಗೊತ್ತಾಗಬಾರದು ಚೆನ್ನಬಸ್ಯಾ."

"ಆತು."

"ರಾಶಿ ಮುಟ್ಟು."

ಅವನು ನನ್ನನ್ನೇ ನೋಡಿದ. "ಮಾತು ಸಾಲಂಗಿಲ್ಲೇನಲೇ?"

"ಮುಟ್ಟು."

ಮುಟ್ಟಿದ. ನಮ್ಮ ಕಡೆ ರಾಶಿ ಮುಟ್ಟಿ ಆಡಿದ ಮಾತನ್ನು ಮುರಿಯುವುದಿಲ್ಲ. ಮುರಿದವನ ಕಣದಲ್ಲಿ ಮತ್ತೆ ರಾಶಿ ಏಳುವುದಿಲ್ಲ ಎಂಬ ನಂಬಿಕೆ. ಆಣೆ ಮಾಡಿಸಿದವನು ಬಿಡಿಸುವವರೆಗೆ ಅದು ಗಂಟಲಿಗೆ ಕಟ್ಟಿದ ಗಂಟು. ಕಟ್ಟಿದವನು ನಾನು.

ಕತ್ತಲಾದ ಮೇಲೆ ಟೆಂಪೋ ಊರ ಹೊರಗೆ ಬಂದು ನಿಂತಿತು; ಯಾರಿಗೆಂದು ಚೆನ್ನಬಸಪ್ಪ ತಮ್ಮನಿಗೂ ಹೇಳಿರಲಿಲ್ಲ. ಕರುಳಿನ ತುದಿ ಊದಿತ್ತಂತೆ, ಕೊಯ್ದು ತೆಗೆದರು. "ನಾಳೆ ತಂದಿದ್ದರೆ ನನ್ನ ಕೈಲಿ ಇರ್ತಿರಲಿಲ್ಲ. ಈ ನೋವಿಗೆ ಕಾಯಬಾರದು" ಎಂದರು ಡಾಕ್ಟರು. ಊರಿನಲ್ಲಿ ನಾನು, ಹರಪನಹಳ್ಳಿ ಕಡೆಯ ತವರಿಗೆ ಹೋಗಿದ್ದಾಳೆ ಎಂದೆ. ಹೊಲಿಗೆ ಮಾಯುವವರೆಗೆ ಅವಳು ಅಲ್ಲಿಯೇ ಇದ್ದು ಬಂದದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲ. ಇಂಥ ಅರ್ಧ ಸುಳ್ಳುಗಳಲ್ಲಿ ನಾನು ಜಾಣ.

ಮರುವರ್ಷ ಚೆನ್ನಬಸಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋದ. ಜಡ್ಡಿನ ಪಾಲು ಇಡೀ ಊರಿಗೆ ಆಗಬೇಕು. ಹೊಲವಿಲ್ಲದವರಿಗೆ ಕಣವೂ ಇಲ್ಲ, ಅವರ ಪಾಲನ್ನು ಹೊಲವಿದ್ದವರು ಹಾಕಬೇಕು ಎಂದ. ಊರು ಹತ್ತಿಕೊಂಡಿತು. ಸೊಸೈಟಿಯ ಎಲೆಕ್ಷನ್ ಬೇರೆ ಹತ್ತಿರವಿತ್ತು. ಅವರ ಯೋಜನೆ ಗೆದ್ದರೆ ಊರೇ ಅವರದು ಎಂದು ನಮ್ಮ ಮುಂದಾಳುಗಳು ಹೇಳಿದರು. "ಮಲ್ಲಪ್ಪ, ಇದನ್ನ ನಿನ್ನ ಬಾಯಿಗೆ ಬಿಟ್ಟೀವಿ" ಎಂದರು. ಬಿಟ್ಟರು.

ಸಭೆ ಸೊಸೈಟಿ ಗೋದಾಮಿನ ಮುಂದೆ, ಬೆಳಿಗ್ಗೆ. ಎರಡೂ ಕಡೆಯವರು ಎದುರುಬದುರು.

"ಜಡ್ಡು ಬರಲಿಲ್ಲಂದ್ರ ಕೊಟ್ಟ ಜೋಳ ದಂಡ ಅಲ್ಲೇನ್ರಿ?" ಎಂದು ನಮ್ಮವನೊಬ್ಬ ಕೇಳಿದ.

"ಜಡ್ಡು ಬರಲಿಲ್ಲಂದ್ರ ಅದ ಲಾಭ" ಎಂದ ಚೆನ್ನಬಸಪ್ಪ.

ಜನ ಹೌದೆಂದು ತಲೆಯಾಡಿಸುವುದು ನನಗೆ ಕಂಡಿತು. ನಮ್ಮ ಸಾಲಿನಲ್ಲೂ. ನಾನು ಎದ್ದೆ.

"ನಮ್ಮ ಎತ್ತಿಗೂ ಹೊಟ್ಟಿ ಉಬ್ಬರಸ್ತೈತಿ ಚೆನ್ನಬಸಪ್ಪ, ಅದಕ್ಕೂ ಟೆಂಪೋ ಬರ್ತೈತೇನು? ಹಿಂದಿನ ಸೀಟು ಅದಕ್ಕ, ಮುಂದಿನ ಸೀಟು ನಿನಗ."

ನಕ್ಕರು. ಅವನ ಕಡೆಯವರೂ ನಕ್ಕರು. ಆ ನಗು ನನ್ನ ನೆತ್ತಿಗೇರಿತು. ಒಂದರ ಹಿಂದೆ ಒಂದು — ಗಟ್ಟಿಮುಟ್ಟಾದ ಮನೆಯವರು ಕೆಮ್ಮುವವರ ಔಷಧಕ್ಕೆ ಯಾಕೆ ಜೋಳ ಅಳೆಯಬೇಕು ಎಂದೆ, ಹಗೇವಿನ ಬಾಯಿಗೆ ಓಟಿನ ಪೆಟ್ಟಿಗೆ ಕಟ್ಟಿದ್ದಾರೆ ಎಂದೆ. ಕೊನೆಗೆ ಆ ಮಾತು.

"ಒಂದ್ ವರ್ಷ ಆತಲ್ಲ. ನಮ್ಮ ಕಡೆ ಬ್ಯಾಡ, ನಿಮ್ಮ ಕಡೆನೂ ಬ್ಯಾಡ — ಸಾಯೋ ಜೀವ ಇದರಿಂದ ಉಳೀತು ಅನ್ನಂಗ, ಉಪಯೋಗ ಆದವರನ್ನ ಒಬ್ಬರನ್ನ ತೋರಿಸ್ರಿ ನೋಡೋಣ."

ಜ್ವರಕ್ಕೆ, ಗಾಯಕ್ಕೆ ಔಷಧ ತಂದವರು ಬಾವಿ ಕಡೆ ಇದ್ದರು. ಸಾಯುವ ಜೀವ ಉಳಿದದ್ದು ಒಂದೇ ಮನೆಯಲ್ಲಿ. ಅದಕ್ಕೇ ಮಾತನ್ನು ಹಾಗೆ ಜೋಡಿಸಿದ್ದೆ. ಚೆನ್ನಬಸಪ್ಪ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ವರ್ಷ ಬದುಕುವುದು ಸುಲಭವಾಗುತ್ತಿತ್ತು. ಅವನು ನನಗೆ ಎಡೆ ಕೊಡುವವನಂತೆ ಕಾದ — ನೀನೇ ಹೇಳುತ್ತೀಯೇನೋ ಎಂಬಂತೆ. ನಾನು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡೆ. ಅವನು ಕೂತುಬಿಟ್ಟ.

ಕೈ ಎತ್ತಿಸಿದರು. ನಮ್ಮ ಕಡೆ ಕೊಟ್ರಪ್ಪ ಎಂಬವನಿದ್ದ — ನನ್ನ ಅಂಗಡಿಗೆ ಸಾಮಾನು ತರುವ ಗಾಡಿಯವನು. ಒಂದು ಗಾಡಿ, ಎರಡು ಎತ್ತು, ಹೊಲವಿಲ್ಲ. ಈ ಯೋಜನೆ ಯಾರಿಗಾದರೂ ಬೇಕಾಗಿದ್ದರೆ ಅಂಥವನಿಗೇ ಬೇಕಾಗಿತ್ತು. ಅವನು ನನ್ನ ಮುಖ ನೋಡಿಕೊಂಡು ಬೇಡವೆಂದು ಕೈ ಎತ್ತಿದ. "ನೀ ಅಷ್ಟು ಗಟ್ಟಿಯಾಗಿ ಹೇಳಿದ ಮ್ಯಾಲ ಖರೇನ ಇರಬೇಕಲ್ಲ ಮಲ್ಲಣ್ಣ" ಎಂದು ಆಮೇಲೆ ಗಾಡಿಯಿಂದ ಮೂಟೆ ಇಳಿಸುತ್ತ ಹೇಳಿದ.

ಊರಿಗೆ ಬೇಡವಾದದ್ದು ಬಾವಿ ಕಡೆಗೂ ಬೇಡವಾಯಿತು. ನಗೆಪಾಟಲಾದ ಮೇಲೆ ಯಾರು ನಿಲ್ಲುತ್ತಾರೆ. ಹಗೇವು ತೆರೆದು, ಅವರವರ ಜೋಳ ಅವರವರು ಹೊತ್ತುಕೊಂಡು ಹೋದರು. ಆ ಸಂಜೆ ಚೆನ್ನಬಸಪ್ಪ ನಮ್ಮ ಹಿತ್ತಲ ಬಾಗಿಲಿಗೆ ಬಂದ. ಭುಜದ ಮೇಲೆ ಸಣ್ಣ ಚೀಲ.

"ನಿನ್ನ ಮನಿ ಪಾಲು. ಈ ವರ್ಷದ್ದು" ಎಂದು ಇಳಿಸಿದ.

ಎರಡನೇ ವರ್ಷವೂ ನಮ್ಮ ಹೆಸರಿಗೆ ಅವನೇ ಹಾಕಿದ್ದ. ನಾನು ಕೇಳಿರಲಿಲ್ಲ. ಪಾರವ್ವ ಒಲೆಯ ಮುಂದಿಂದ ಎದ್ದು ಬಂದು ಚೀಲ ನೋಡಿದಳು, ಅವನನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಅವನು ಹೋದ ಮೇಲೆ ಹೇಳಿದಳು: "ಈ ಜೋಳ ನಮ್ಮ ಒಲಿ ಹತ್ತಂಗಿಲ್ಲ." ಒಂದು ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮೂಲೆಗಿಟ್ಟಳು.

ಸೊಸೈಟಿ ಎಲೆಕ್ಷನ್ನಿನಲ್ಲಿ ನಾವು ಗೆದ್ದೆವು. ಗೆದ್ದು ಏನು ಮಾಡಿದೆವು ಎಂದು ನೆನಪಿಸಿಕೊಳ್ಳಲು ಕೂತರೆ ಹಾರ ಹಾಕಿಸಿಕೊಂಡದ್ದಷ್ಟೇ ನೆನಪಾಗುತ್ತದೆ.

ಇಲ್ಲಿಗೇ ಮುಗಿದಿದ್ದರೆ ಇದನ್ನು ಒಂದು ರಾಜಕೀಯದ ಕಥೆ ಎಂದು ಹೇಳಿ ಈಗಲೂ ನಗಿಸುತ್ತಿದ್ದೆನೇನೋ. ಮುಗಿಯಲಿಲ್ಲ.

ಮುಂಗಾರು ಬಿದ್ದ ಮೇಲೆ, ಒಂದು ಬೆಳಿಗ್ಗೆ ಕೊಟ್ರಪ್ಪ ಅಂಗಡಿಗೆ ಬಂದ. ಹೆಂಡತಿ ದುರುಗವ್ವನಿಗೆ ಹೊಟ್ಟೆನೋವು ಎಂದ.

"ಎಲ್ಲಿ ನೋವು?"

"ಇಲ್ಲಿ ನೋಡು" ಎಂದು ತನ್ನ ಹೊಟ್ಟೆಯ ಬಲಕ್ಕೆ, ಕೆಳಗೆ ಕೈಯಿಟ್ಟು ತೋರಿಸಿದ. "ಕಾಲು ನೀಡವಲ್ಲಳು. ಮೈ ಸುಡ್ತೈತಿ."

ನನಗೆ ತಿಳಿಯಿತು. ಡಾಕ್ಟರಿಗೆ ತಿಳಿಯುವಷ್ಟೇ ತಿಳಿಯಿತು. ಕಾಯಬಾರದ ನೋವು ಅದು ಎಂದು ಈ ಕಿವಿಯಲ್ಲೇ ಕೇಳಿದ್ದೆ. ಹೇಳಿದರೆ — ನಿನಗ್ಹೆಂಗ ಗೊತ್ತು ಮಲ್ಲಣ್ಣ ಎಂದು ಅವನು ಕೇಳುತ್ತಾನೆ. ನನ್ನ ಅಂಗಡಿ ಕಟ್ಟೆಯ ಮೇಲೆ ನಮ್ಮ ಪಕ್ಷದವರು ಕೂತು ಬೀಡಿ ಸೇದುತ್ತಿದ್ದರು. ಅವರೂ ಕೇಳುತ್ತಾರೆ. ಅಷ್ಟೇ. ಇಷ್ಟು ವರ್ಷ ಇದಕ್ಕಿಂತ ದೊಡ್ಡ ಕಾರಣವೊಂದನ್ನು ಹುಡುಕಿದ್ದೇನೆ, ಇಲ್ಲ.

"ವಾಯು ಇರಬೇಕು" ಎಂದೆ. ಡಬ್ಬಿಯಿಂದ ಓಮದ ಕಾಳು ತೆಗೆದು ಕಟ್ಟಿಕೊಟ್ಟೆ. "ಇದನ್ನ ಕುದಿಸಿ ಕುಡಸು."

"ನೀ ಹೇಳಿದ್ರ ಆತು" ಎಂದು ಅವನು ಪೊಟ್ಟಣವನ್ನು ಎರಡೂ ಕೈಯಲ್ಲಿ ತಗೊಂಡು ಹೋದ.

ಸಂಜೆ ಗಾಡಿ ಕಟ್ಟಿದ. ಮಳೆಯ ರಸ್ತೆ, ಎತ್ತಿನ ಗಾಡಿ. ಹಗರಿಬೊಮ್ಮನಹಳ್ಳಿಯ ರೈಲ್ವೆ ಗೇಟು ಹಾಕಿತ್ತಂತೆ. ಗೇಟಿನ ಈಚೆಗೆ ಗಾಡಿ ನಿಲ್ಲಿಸಿ, ಕುಡಿಯಲು ನೀರು ಕೊಡೋಣವೆಂದು ಅವಳ ತಲೆ ಎತ್ತಿದರೆ — ಅಲ್ಲಿಯೇ ಗಾಡಿ ತಿರುಗಿಸಿದ.

ಮಣ್ಣಿಗೆ ಎರಡೂ ಕಡೆಯವರು ಬಂದಿದ್ದರು. ತಿರುಗಿ ಬರುವಾಗ ಚೆನ್ನಬಸಪ್ಪ ನನ್ನ ಪಕ್ಕಕ್ಕೆ ಬಂದು ನಡೆದ. ಬಹಳ ದಿನಗಳ ಮೇಲೆ ಹಾಗೆ ಪಕ್ಕದಲ್ಲಿ.

"ಮಲ್ಲ್ಯಾ, ಆಣಿ ಬಿಡಸು."

"ಈಗ ಬಿಡಿಸಿದ್ರ ಹೋದಾಕಿ ಬರ್ತಾಳೇನು?"

"ಹೋದಾಕಿಗಲ್ಲ. ಮುಂದಿನವರಿಗೆ."

ನಾನು ಬೇಗ ಬೇಗ ನಡೆದು ಮುಂದೆ ಹೋದೆ. ಅವನು ಮತ್ತೆ ಕೇಳಲಿಲ್ಲ. ಕೆಲವು ವರ್ಷಗಳ ಹಿಂದೆ ತೀರಿಕೊಂಡ. ಕೊನೆಯವರೆಗೂ ಯಾರಿಗೂ ಹೇಳಲಿಲ್ಲ — ತನ್ನ ಹೆಂಡತಿಗೂ ಹೇಳಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಊರಿನ ಬಾಯಲ್ಲಿ ಅವನು, ಕೈಲಾಗದ ಯೋಜನೆ ಮಾಡಿ ಮಲ್ಲಪ್ಪನ ಮುಂದೆ ಸೋತವನು. ಹಾಗೆಯೇ ಹೋದ.

ದುರುಗವ್ವನ ತಿಥಿಗೆ ಪಾರವ್ವ ಮೂಲೆಯ ಗಡಿಗೆ ಬಿಚ್ಚಿದಳು. ಹಗಲು ಹೊತ್ತಿನಲ್ಲೇ, ಊರೆಲ್ಲ ನೋಡುವಂತೆ, ಆ ಜೋಳವನ್ನು ತಲೆಯ ಮೇಲೆ ಹೊತ್ತು ಕೊಟ್ರಪ್ಪನ ಮನೆಗೆ ಕೊಟ್ಟು ಬಂದಳು. ನೀನು ಅವನಿಗೆ ಹೇಳಿದೆಯಾ ಎಂದು ಬಾಗಿಲಲ್ಲೇ ಕೇಳಿದೆ. "ನನ್ನ ಬಾಯಿಂದ ಬರೋ ಮಾತಲ್ಲ ಅದು" ಎಂದಳು. ಅವಳೂ ಈಗಿಲ್ಲ. ಅದಾದ ಮೇಲೂ ಇದ್ದಷ್ಟು ಕಾಲ ನನಗೆ ರೊಟ್ಟಿ ಬಡಿದು ಹಾಕಿದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದಳು. ಆದರೆ ನಾನು ಕಥೆ ಹೇಳಲು ಕೂತರೆ ಎದ್ದು ಒಳಗೆ ಹೋಗುತ್ತಿದ್ದಳು.

ಕೊಟ್ರಪ್ಪ ಇದ್ದಾನೆ. ಗಾಡಿ ಬಿಟ್ಟು ಬಹಳ ವರ್ಷವಾಯಿತು. ದಿನವೂ ನನ್ನ ಕಟ್ಟೆಗೆ ಬಂದು ಕೂರುತ್ತಾನೆ. ಎರಡೂ ಪಕ್ಷಗಳು ಹೆಸರು ಬದಲಿಸಿ, ಒಡೆದು, ಕೂಡಿ, ಯಾರು ಯಾವ ಕಡೆ ಎಂಬುದೇ ಈಗ ಯಾರಿಗೂ ಗೊತ್ತಿಲ್ಲ. ಅವನಿಗೆ ನಾನು ಮಾತ್ರ ಇನ್ನೂ "ನಮ್ಮ ಕಡೆಯವನು". ಹೊಟ್ಟೆ ಸರಿಯಿಲ್ಲದಿದ್ದರೆ ಈಗಲೂ ನನ್ನ ಹತ್ತಿರವೇ ಓಮದ ಕಾಳು ಕೇಳುತ್ತಾನೆ. ಕಟ್ಟಿಕೊಡುತ್ತೇನೆ.

ನಾನು ಬರೆಯುತ್ತಿರುವುದನ್ನು ಅವನು ಕೆಲವು ದಿನಗಳಿಂದ ನೋಡುತ್ತಿದ್ದಾನೆ. ಅವನಿಗೆ ಓದು ಬಾರದು.

"ಊರಿಂದೆಲ್ಲಾ ಬರೀತಿಯಂತಲ್ಲ ಮಲ್ಲಣ್ಣ" ಎಂದ ಇವತ್ತು. "ನಮ್ಮಾಕಿ ಬಗ್ಗೆ ಒಂದ್ ಮಾತರ ಹಾಕಿಯೇನು?"

"ಹಾಕೀನಿ."

"ಖರೇನ?" ಅವನ ಮುಖ ಅರಳಿತು. ಅದನ್ನು ನೋಡಲಾಗಲಿಲ್ಲ. "ಹಂಗಾರ ಓದಿ ಹೇಳು."

"ಮುಗೀಲಿ ತಡಿ" ಎಂದೆ.

ಮುಗಿಯಿತು. ಅವನು ಕಟ್ಟೆಯ ಮೇಲೆಯೇ ಇದ್ದಾನೆ, ಗೋಡೆಗೆ ಒರಗಿ, ಕಾಲು ನೀಡಿಕೊಂಡು. ಕನ್ನಡಕ ಒರೆಸಿಕೊಂಡು ಹೊರಗೆ ಹೋಗುತ್ತೇನೆ. ಮೊದಲ ಸಾಲಿನಿಂದಲೇ ಓದುತ್ತೇನೆ.