ಅವ್ವ ಕೇಳಿದ ಮಾಫಿ

ಸಿಸ್ಟರ್ ಅವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ನಕ್ಕರೆ ಅದು ಪೂರ್ತಿ ಮುಚ್ಚಿಹೋಗುತ್ತಿತ್ತು. ಅದನ್ನು ಮುಚ್ಚಿಸಲೆಂದೇ ಹುಡುಗಿಯರಾದ ನಾವು ಚೇಷ್ಟೆ ಮಾಡುತ್ತಿದ್ದೆವು. ನಮ್ಮೂರ ಕಾನ್ವೆಂಟಿನ ಸನ್ಯಾಸಿನಿ ಅವರು. ಸನ್ಯಾಸಿನಿಯಾದರೇನು, ಬಾಯಿ ಮಾತ್ರ ಜೋರು. ಪ್ರಾರ್ಥನೆಗೆ ತಡವಾಗಿ ಹೋದರೆ, "ಬಾ ನಮ್ಮವ್ವ, ಯೇಸುಸ್ವಾಮಿ ನಿನ್ನ ದಾರಿ ಕಾದು ಚಾ ಕುಡಿಯಾಕ ಹೋದ್ರು" ಅನ್ನುವರು. ಗುಡೂರು ಬಸ್ಸಿನ ಕಂಡಕ್ಟರ್ ಕೂಡ ಅವರಿಗೆ ಹೆದರಿ ಸೀಟು ಕೊಡಿಸುತ್ತಿದ್ದ.

ಇಳಕಲ್‌ನಲ್ಲಿ ನಾವು ಕ್ಯಾಥೊಲಿಕ್ಕರು ಬೆರಳೆಣಿಕೆಯ ಮನೆಯವರು. ಫಾದರ್ ಬರುವುದು ತಿಂಗಳಿಗೊಮ್ಮೆ. ಉಳಿದ ಭಾನುವಾರ ಸಿಸ್ಟರೇ ಶುಭಸಂದೇಶ ಓದಿ, ಫಾದರ್ ಮಂತ್ರಿಸಿಟ್ಟು ಹೋದ ಪ್ರಸಾದ ಕೊಡುತ್ತಿದ್ದರು. ಆದರೆ ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಮಾಡುವಂತಿಲ್ಲ, ಪಾಪನಿವೇದನೆ ಕೇಳಿ ಮಾಫಿ ಕೊಡುವಂತಿಲ್ಲ. ಅದೆಲ್ಲ ಗುರುದೀಕ್ಷೆ ಪಡೆದ ಗಂಡಸರಿಗೆ ಮಾತ್ರ. ಹೆಂಗಸರಿಗೂ ದೀಕ್ಷೆ ಕೊಡಬೇಕೋ ಬೇಡವೋ ಎಂದು ದೂರದ ರೋಮಿನಲ್ಲಿ ವಾದ ನಡೆದಿದೆಯಂತೆ ಎಂದು ನಾನು ಮೊಬೈಲಿನಲ್ಲಿ ಓದಿ ಹೇಳಿದೆ. ಪಕ್ಕದ ಮನೆಯ ಲಿಂಗಾಯತರ ಅಜ್ಜಿ ಸಿಸ್ಟರನ್ನು ಕೆಣಕಿದಳು: "ನಮ್ಮಲ್ಲಿ ಗಂಡು ಹೆಣ್ಣು ಇಬ್ರೂ ಲಿಂಗಾ ಕಟ್ಕೋತೀವಿ. ನಿಮ್ಮ ದೇವರದೇನ್ರಿ ತಕರಾರು?"

"ದೇವರದೇನಿಲ್ಲಬೇ ಯಮ್ಮಾ, ಎಲ್ಲಾ ಆತನ ಮಂದೀದು."

ನಾವೆಲ್ಲ ನಕ್ಕೆವು. "ನಿಮಗ ಫಾದರ್ ಆಗಬೇಕು ಅನಸಿತ್ತೇನ್ರಿ?" ಎಂದು ಕೇಳಿದೆ.

"ಸಣ್ಣಾಕಿದ್ದಾಗ ಕೇಳಿದ್ದೆ. ಆವಾಗಿನ ಫಾದರ್ ಹೊಟ್ಟಿ ಹಿಡಕೊಂಡು ನಕ್ರು," ಅಂದರು. ಹಾಗೆ ಹೇಳುವಾಗ ಸಿಸ್ಟರ್ ನಗಲಿಲ್ಲ.

ಆ ವರ್ಷವೇ ಅವ್ವ ಹಾಸಿಗೆ ಹಿಡಿದಳು. ಕಡೆಯ ದಿನ ಮಧ್ಯಾಹ್ನ ದವಾಖಾನೆಯಲ್ಲಿ, "ಫಾದರ್‌ನ ಕರಸ್ರಿ" ಅಂದಳು. ಫಾದರ್ ಬಾದಾಮಿಯಿಂದ ಮೋಟರ್‌ಸೈಕಲ್ ಹತ್ತಿದ್ದರು. ಅವ್ವನ ಉಸಿರು ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಕೊನೆಗೆ ಪಕ್ಕದಲ್ಲಿ ಕೂತಿದ್ದ ಸಿಸ್ಟರ್ ಕೈ ಹಿಡಿದು ತನ್ನ ಪಾಪಗಳನ್ನೆಲ್ಲ ಅವರಿಗೇ ಹೇಳಿಕೊಂಡಳು; ನಾನು ಹೊರಗೆ ನಿಂತೆ. ನಾನು ಒಳಗೆ ಬಂದಾಗ ಅವ್ವ ಅಂಗಲಾಚುತ್ತಿದ್ದಳು.

"ನೀವ ಮಾಫಿ ಅನ್ರಿ ಸಿಸ್ಟರ್. ಒಂದ ಮಾತು."

"ಮನಸಾರೆ ಅತ್ತೀಯಲ್ಲವ್ವಾ, ದೇವರು ಕೇಳ್ಯಾನ. ಖರೆ, ಆ ಮಾತು ಅನ್ನೂ ಹಕ್ಕು ನನಗ ಕೊಟ್ಟಿಲ್ಲ."

ಅವ್ವ ಮುಖ ತಿರುಗಿಸಿ ಬಾಗಿಲನ್ನೇ ನೋಡತೊಡಗಿದಳು. ನೋಡುತ್ತಲೇ ಪ್ರಾಣ ಬಿಟ್ಟಳು. ಫಾದರ್ ಬಂದದ್ದು ಆಮೇಲೆ.

ನನಗೆ ಎಲ್ಲಿಲ್ಲದ ಸಿಟ್ಟು. "ಒಂದ ಮಾತು ಅಂದಿದ್ರ ನಿಮ್ಮ ಗಂಟೇನ ಹೋಗ್ತಿತ್ರೀ?" ಎಂದು ಕೂಗಾಡಿದೆ.

"ಸಾಯೋರಿಗೆ ಸುಳ್ಳು ಹೆಂಗ ಹೇಳ್ಲಿ?" ಅಂದವರು ಅಲ್ಲೇ ನೆಲಕ್ಕೆ ಕುಸಿದು ಅತ್ತರು. ಅತ್ತು ಎದ್ದು, ಅವ್ವನ ಮೈ ಒರೆಸಿ, ಆಕೆಯ ಮದುವೆಯ ಇಳಕಲ್ ಸೀರೆ ಉಡಿಸಿದವರೂ ಅವರೇ. ನೆರಿಗೆ ಸರಿಬಾರದೆ ಮೂರು ಸಲ ಬಿಚ್ಚಿ ಹಿಡಿದರು. ನನ್ನ ಸಿಟ್ಟು ಇಳಿಯಲು ಅಷ್ಟು ಸಾಕಾಯಿತು.

ಹೋದ ಚಳಿಗಾಲ ಸಿಸ್ಟರೇ ಹಾಸಿಗೆ ಹಿಡಿದರು. ಅವರ ಪುಣ್ಯಕ್ಕೆ ಫಾದರ್ ಹೊತ್ತಿಗೆ ಸರಿಯಾಗಿ ಬಂದರು. ಪಾಪನಿವೇದನೆ ಮುಗಿದ ಮೇಲೆ ಸಿಸ್ಟರ್ ನನ್ನನ್ನು ಒಳಗೆ ಕರೆಸಿದರು. ಮುಖದಲ್ಲಿ ನೆಮ್ಮದಿ ಇರಲಿಲ್ಲ.

"ನಿಮ್ಮವ್ವಗ ಮಾಫಿ ಅನ್ನಲಿಲ್ಲಲ್ಲ, ಅದನ್ನೂ ಹೇಳಿದೆ. ಅದು ಪಾಪನ ಅಲ್ಲ, ಅದಕ್ಕ ಮಾಫಿ ಬೇಕಾಗಿಲ್ಲ ಅಂದ್ರು ಫಾದರ್." ಬಿಕ್ಕಿದರು. "ನನಗ ಬೇಕಾಗೇತಿ."

ಅವರ ಹಣೆಯ ಮೇಲೆ ಕೈಯಿಟ್ಟೆ. "ಅವ್ವನ ಪರವಾಗಿ ನಾ ಮಾಫಿ ಮಾಡೇನ್ರಿ," ಅಂದೆ. ಬಾಗಿಲಲ್ಲಿ ನಿಂತಿದ್ದ ಫಾದರ್ ಬೇಡವೆನ್ನಲಿಲ್ಲ.

"ಆಮೆನ್," ಅಂದರು ಸಿಸ್ಟರ್. ಅದೇ ಅವರ ಕಡೆಯ ಮಾತಾಯಿತು.